ಗಾಂಧೀಜಿಗೆ ಬಾಗಿಲು ತೆರೆದ ಮಿಷನ್ ಕಾಲೇಜಿನ ಪ್ರಾಂಶುಪಾಲ: ಯಾರು ಈ ಸುಶೀಲ್ ಕುಮಾರ್ ರುದ್ರ?

ದೆಹಲಿಯ ಕಾಶ್ಮೀರಿ ಗೇಟ್ ಬಳಿ ಕಮಾನುಗಳ ಹಳೆಯ ಕಟ್ಟಡವೊಂದಿದೆ. ಈಗ ಅದು ದೆಹಲಿಯ ಮುಖ್ಯ ಚುನಾವಣಾಧಿಕಾರಿಯ ಕಚೇರಿ. ಮತದಾರರ ಪಟ್ಟಿಯ ಕೆಲಸಕ್ಕೆ ಬರುವ ಹೆಚ್ಚಿನವರಿಗೆ ಅದು ಒಂದು ಕಾಲದಲ್ಲಿ ಸೇಂಟ್ ಸ್ಟೀಫನ್ಸ್ ಕಾಲೇಜಾಗಿತ್ತು ಎಂಬುದು ಗೊತ್ತಿರಲಾರದು. ಕಾಲೇಜು 1891ರಿಂದ 1941ರವರೆಗೆ ಇಲ್ಲೇ ನಡೆಯಿತು. ಅದರ ಪ್ರಾಂಶುಪಾಲರ ಮನೆಗೆ 1915ರ ಏಪ್ರಿಲ್‌ನಲ್ಲಿ ಒಬ್ಬ ಅತಿಥಿ ಬಂದರು. ದಕ್ಷಿಣ ಆಫ್ರಿಕಾದಿಂದ ಮರಳಿ ಮೂರು ತಿಂಗಳಷ್ಟೇ ಆಗಿದ್ದ ಮೋಹನದಾಸ ಗಾಂಧಿ. ಅವರನ್ನು ಬರಮಾಡಿಕೊಂಡವರು ಸುಶೀಲ್ ಕುಮಾರ್ ರುದ್ರ.

ರುದ್ರ ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆದರೆ ಕ್ರೈಸ್ತ ಸಂಸ್ಥೆಯೊಂದು ನಡೆಸುವ ಕಾಲೇಜಿನ ಮುಖ್ಯಸ್ಥ ರಾಜಕೀಯದಲ್ಲಿ ಎಷ್ಟು ದೂರ ಹೋಗಬಹುದು, ಅವನು ಯಾರಿಗೆ ಉತ್ತರ ಹೇಳಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಅವರ ಬದುಕನ್ನು ತೆಗೆದು ನೋಡಬೇಕಾಗುತ್ತದೆ. ಆ ಪ್ರಶ್ನೆಯನ್ನು ಅವರು ಭಾಷಣಗಳಲ್ಲಿ ಚರ್ಚಿಸಿದವರಲ್ಲ. 17 ವರ್ಷ ಅದೇ ಕುರ್ಚಿಯಲ್ಲಿ ಕೂತು ಎದುರಿಸಿದವರು.

ಬಂಗಾಳದಿಂದ ದೆಹಲಿಗೆ

ರುದ್ರ ಹುಟ್ಟಿದ್ದು 1861ರ ಜನವರಿ 7ರಂದು, ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ. ತಂದೆ ಪ್ಯಾರಿ ಮೋಹನ್ ರುದ್ರ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಡಫ್ ಅವರ ಪ್ರಭಾವದಿಂದ ಕ್ರೈಸ್ತರಾಗಿದ್ದರು. ಮಗ ಕಲ್ಕತ್ತಾದಲ್ಲಿ ಓದಿ, 1886ರಲ್ಲಿ ದೆಹಲಿಗೆ ಬಂದು ಸೇಂಟ್ ಸ್ಟೀಫನ್ಸ್‌ನಲ್ಲಿ ಪಾಠ ಹೇಳತೊಡಗಿದರು.

ಆಗ ಕಾಲೇಜಿಗೆ ಐದೇ ವರ್ಷ. ಮಂಗಳೂರಿನಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಶುರುವಾದ ಮರುವರ್ಷ, 1881ರ ಫೆಬ್ರವರಿಯಲ್ಲಿ, ಕೇಂಬ್ರಿಡ್ಜ್ ಮಿಷನ್‌ನವರು ಚಾಂದನಿ ಚೌಕದ ಗಲ್ಲಿಯೊಂದರ ಬಾಡಿಗೆ ಮನೆಯಲ್ಲಿ ಇದನ್ನು ತೆರೆದಿದ್ದರು. ಮೊದಲ ವರ್ಷ ಇದ್ದದ್ದು ಐವರು ವಿದ್ಯಾರ್ಥಿಗಳು, ಮೂವರು ಅಧ್ಯಾಪಕರು. ಸರ್ಕಾರವು 1877ರಲ್ಲಿ ಹಳೆಯ ದೆಹಲಿ ಕಾಲೇಜನ್ನು ಮುಚ್ಚಿ ಉನ್ನತ ಶಿಕ್ಷಣವನ್ನು ಲಾಹೋರಿಗೆ ಸಾಗಿಸಿದ್ದರಿಂದ ಊರಿನ ಹುಡುಗರಿಗೆ ಬೇರೆ ದಾರಿ ಇರಲಿಲ್ಲ. ಹೀಗಾಗಿ ಮಿಷನ್ ಕಾಲೇಜಿನ ಬೆಂಚುಗಳಲ್ಲಿ ಹಿಂದೂ, ಮುಸ್ಲಿಂ ವಿದ್ಯಾರ್ಥಿಗಳೇ ಹೆಚ್ಚು. ನಡೆಸುವವರು ಇಂಗ್ಲಿಷ್ ಪಾದ್ರಿಗಳು, ಓದುವವರು ದೆಹಲಿಯ ಮನೆಮಕ್ಕಳು. ಮುಂದಿನ ಎಲ್ಲ ತಿಕ್ಕಾಟಗಳ ಬೀಜ ಇಲ್ಲೇ ಇತ್ತು.

ರುದ್ರ 1889ರಲ್ಲಿ ಪ್ರಿಯಬಾಲಾ ಅವರನ್ನು ಮದುವೆಯಾದರು. ಎಂಟೇ ವರ್ಷಕ್ಕೆ ಅವರು ತೀರಿಕೊಂಡರು. ಮೂರು ಮಕ್ಕಳ ತಂದೆ ಮತ್ತೆ ಮದುವೆಯಾಗಲಿಲ್ಲ.

ಒಂದು ಕುರ್ಚಿಗಾಗಿ ನಡೆದ ಹಗ್ಗಜಗ್ಗಾಟ

ಪ್ರಾಂಶುಪಾಲ ಹಿಬ್ಬರ್ಟ್ ವೇರ್ ಅವರ ಸ್ಥಾನ 1906ರಲ್ಲಿ ತೆರವಾಯಿತು. ಇಪ್ಪತ್ತು ವರ್ಷದ ಅನುಭವ ಇದ್ದ ರುದ್ರ ಅವರಿಗೆ ಅದು ಸಹಜವಾಗಿ ಸಿಗಬೇಕಿತ್ತು. ಆದರೆ ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಕೂತವರೆಲ್ಲ ಇಂಗ್ಲಿಷರು. ಭಾರತೀಯನೊಬ್ಬ ಶಿಸ್ತು ಕಾಪಾಡಬಲ್ಲನೇ, ಪೋಷಕರು ಒಪ್ಪುತ್ತಾರೆಯೇ ಎಂಬ ಅನುಮಾನ ಲಾಹೋರಿನ ಬಿಷಪ್ ಲೆಫ್ರಾಯ್ ಅವರಿಗಿತ್ತು. ಲೆಫ್ರಾಯ್ ಕೆಟ್ಟ ಮನುಷ್ಯರೇನಲ್ಲ, ದೆಹಲಿಯಲ್ಲೇ ವರ್ಷಗಟ್ಟಲೆ ದುಡಿದವರು. ಅಂಥವರಿಗೂ ಹಾಗೆ ಅನ್ನಿಸಿತು ಎಂಬುದೇ ಆ ಕಾಲದ ಗಾಳಿ ಹೇಗಿತ್ತು ಎಂದು ಹೇಳುತ್ತದೆ.

ಎರಡು ವರ್ಷದ ಹಿಂದಷ್ಟೇ ಕೇಂಬ್ರಿಡ್ಜ್‌ನಿಂದ ಬಂದಿದ್ದ ಯುವ ಅಧ್ಯಾಪಕ ಸಿ.ಎಫ್. ಆಂಡ್ರೂಸ್ ಪಟ್ಟು ಹಿಡಿದರು. ಮೈಬಣ್ಣದ ಕಾರಣಕ್ಕೆ ರುದ್ರ ಅವರನ್ನು ಬದಿಗೆ ಸರಿಸಿದರೆ ತಾವೂ ಕೆಲಸ ಬಿಡುವುದಾಗಿ ತಿಳಿಸಿದರು. ಕೊನೆಗೆ ರುದ್ರ ಅವರ ನೇಮಕವಾಯಿತು. ಕೇಂಬ್ರಿಡ್ಜ್ ಪದವೀಧರರಾದ ಇಂಗ್ಲಿಷ್ ಅಧ್ಯಾಪಕರು ಬಂಗಾಳಿ ಮುಖ್ಯಸ್ಥನ ಕೈಕೆಳಗೆ ಕೆಲಸ ಮಾಡತೊಡಗಿದರು. ವಂಗಭಂಗದ ವಿರುದ್ಧ ಸ್ವದೇಶಿ ಚಳವಳಿ ಕಾವೇರಿದ್ದ ಆ ವರ್ಷದಲ್ಲಿ ಇದು ಸಣ್ಣ ಸುದ್ದಿಯಾಗಿರಲಿಲ್ಲ.

ಆಂಡ್ರೂಸ್ ಅವರ ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ, ಇಂಗ್ಲಿಷ್ ಗೆಳೆಯನ ತ್ಯಾಗವೇ ಮುಖ್ಯ ಎಂಬಂತೆ. ನಿಜವಾಗಿ ಕಷ್ಟದ ಭಾಗ ಶುರುವಾದದ್ದು ಆಮೇಲೆ. ಆಂಡ್ರೂಸ್ ಹಾರುವ ಹಕ್ಕಿ. ಕಾಂಗ್ರೆಸ್ ಅಧಿವೇಶನಕ್ಕೆ ಹೋದರು, ಪತ್ರಿಕೆಗಳಿಗೆ ಬರೆದರು, 1914ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಬಂದು ಕಾಲೇಜು ಬಿಟ್ಟು ಶಾಂತಿನಿಕೇತನ ಸೇರಿದರು. ರುದ್ರ ಇದ್ದಲ್ಲೇ ಇದ್ದರು. ಹಾಜರಿ ಪುಸ್ತಕ, ಹಾಸ್ಟೆಲ್, ಪಂಜಾಬ್ ವಿಶ್ವವಿದ್ಯಾಲಯದ ಪರೀಕ್ಷೆ, ಲಂಡನ್ನಿಗೆ ಹೋಗಬೇಕಾದ ವರದಿ ಎಲ್ಲವೂ ಅವರ ತಲೆಯ ಮೇಲೇ.

ಕಾಲೇಜು 1913ರಲ್ಲಿ ಸೊಸೈಟಿಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಯಿತು. ಓದುವವರಿಗೆ ಇದು ಒಣ ವಿವರ ಅನ್ನಿಸಬಹುದು. ಆದರೆ ಯಾರು ಯಾರಿಗೆ ಉತ್ತರಿಸಬೇಕು ಎಂಬುದಕ್ಕೆ ಕಾನೂನಿನ ಕಾಗದ ಸಿಕ್ಕಿದ್ದು ಆಗಲೇ. ಸುಪ್ರೀಂ ಕೋರ್ಟ್ 1991ರಲ್ಲಿ ಕಾಲೇಜಿನ ಅಲ್ಪಸಂಖ್ಯಾತ ಸ್ಥಾನಮಾನದ ಬಗ್ಗೆ ತೀರ್ಪು ಕೊಡುವಾಗಲೂ ಈ ಹಳೆಯ ಇತಿಹಾಸವನ್ನೇ ಕೆದಕಿತು.

ಬಾಂಬ್, ಗಲ್ಲು ಮತ್ತು ಅತಿಥಿ

ರುದ್ರ ಅವರ ದೆಹಲಿ ತಣ್ಣಗಿನ ಊರಾಗಿರಲಿಲ್ಲ. 1911ರ ದರ್ಬಾರಿನಲ್ಲಿ ರಾಜಧಾನಿಯಾಗಿ ಘೋಷಣೆಯಾದ ಮರುವರ್ಷ, 1912ರ ಡಿಸೆಂಬರ್ 23ರಂದು, ಚಾಂದನಿ ಚೌಕದಲ್ಲಿ ಆನೆಯ ಮೇಲೆ ಬರುತ್ತಿದ್ದ ವೈಸ್‌ರಾಯ್ ಹಾರ್ಡಿಂಜ್ ಮೇಲೆ ಬಾಂಬ್ ಬಿತ್ತು. ಪೊಲೀಸರು ಹಿಡಿದವರಲ್ಲಿ ಮಾಸ್ಟರ್ ಅಮೀರ್ ಚಂದ್ ಕೂಡ ಇದ್ದರು. ಇದೇ ಮಿಷನ್‌ನ ಶಾಲೆಯಲ್ಲಿ ಪಾಠ ಹೇಳಿದ್ದವರು. ಮುಂದೆ ಅಮೆರಿಕದಲ್ಲಿ ಗದರ್ ಚಳವಳಿಯ ಮುಂಚೂಣಿಗೆ ಬಂದ ಲಾಲಾ ಹರದಯಾಳ್ ಅಂತೂ ಸೇಂಟ್ ಸ್ಟೀಫನ್ಸ್‌ನ ಹಳೆಯ ವಿದ್ಯಾರ್ಥಿಯೇ.

ಹೀಗಿರುವಾಗ 1915ರ ಏಪ್ರಿಲ್‌ನಲ್ಲಿ ಗಾಂಧಿ ಬಂದರು. ಭಾರತಕ್ಕೆ ಹೋದಾಗ ಮೂವರನ್ನು ತಪ್ಪದೇ ಕಾಣಬೇಕೆಂದು ಆಂಡ್ರೂಸ್ ಅವರಿಗೆ ಹೇಳಿದ್ದರು: ರವೀಂದ್ರನಾಥ ಟ್ಯಾಗೋರ್, ಮುಂದೆ ಸ್ವಾಮಿ ಶ್ರದ್ಧಾನಂದರಾದ ಗುರುಕುಲದ ಮುನ್ಶಿರಾಮ್ ಮತ್ತು ರುದ್ರ. ಗಾಂಧಿ ಆ ಮನೆಯಲ್ಲಿ ಉಳಿದುಹೋದ ಒಂದು ತಿಂಗಳೊಳಗೆ, ಮೇ 8ರಂದು, ಅಮೀರ್ ಚಂದ್ ಅವರನ್ನು ದೆಹಲಿ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಒಂದೇ ಊರು, ಒಂದೇ ಮಿಷನ್ನಿನ ನಂಟು. ಮಿಷನ್ನಿನ ಶಾಲೆ ಕಾಲೇಜುಗಳ ಮೇಲೆ ಸರ್ಕಾರದ ಕಣ್ಣು ಬೀಳಲು ಬೇರೆ ಕಾರಣ ಬೇಕಿರಲಿಲ್ಲ.

ಅದೇ ಹೊತ್ತಿಗೆ ರುದ್ರ ಅವರ ಮಗ ಅಜಿತ್ ಬ್ರಿಟಿಷ್ ಸೈನ್ಯ ಸೇರಿ ಫ್ರಾನ್ಸಿನ ಸೊಮ್ ರಣರಂಗದಲ್ಲಿ ಹೋರಾಡಿದರು. ಆಮೇಲೆ ಭಾರತೀಯ ಸೇನೆಯಲ್ಲಿ ಮೇಜರ್ ಜನರಲ್ ಹುದ್ದೆಯವರೆಗೂ ಏರಿದರು. ಹೊರಗಿನಿಂದ ನೋಡುವವರಿಗೆ ಈ ಕುಟುಂಬ ಯಾವ ಕಡೆಯದು ಎಂದು ಹೇಳುವುದು ಕಷ್ಟ.

ಹೊರಟುಹೋಗುತ್ತೇನೆ ಎಂದ ಗಾಂಧಿ

ದೆಹಲಿಗೆ ಬಂದಾಗಲೆಲ್ಲ ಗಾಂಧಿ ಇಳಿದುಕೊಳ್ಳುತ್ತಿದ್ದದ್ದು ರುದ್ರ ಅವರ ಮನೆಯಲ್ಲೇ. 1919ರವರೆಗೆ ಇದರಿಂದ ತೊಂದರೆ ಇರಲಿಲ್ಲ. ಯುದ್ಧಕ್ಕೆ ಸೈನಿಕರನ್ನು ಸೇರಿಸಲು ನೆರವಾದ ಗಾಂಧಿ ಸರ್ಕಾರದ ಕಣ್ಣಿಗೆ ಇನ್ನೂ ವೈರಿಯಾಗಿರಲಿಲ್ಲ. ರೌಲಟ್ ಕಾಯ್ದೆ ಎಲ್ಲವನ್ನೂ ಬದಲಿಸಿತು. ಮಾರ್ಚ್ 30ರಂದು ದೆಹಲಿಯಲ್ಲಿ ಹರತಾಳ ನಡೆಯಿತು, ಗುಂಡು ಹಾರಿತು, ಜನ ಸತ್ತರು. ಏಪ್ರಿಲ್‌ನಲ್ಲಿ ದೆಹಲಿಗೆ ಹೊರಟಿದ್ದ ಗಾಂಧಿಯನ್ನು ಇಂದಿನ ಹರಿಯಾಣದ ಪಲ್ವಲ್‌ನಲ್ಲಿ ರೈಲಿನಿಂದ ಇಳಿಸಿ ಹಿಂದಕ್ಕೆ ಕಳಿಸಲಾಯಿತು. ಸರ್ಕಾರವೇ ಊರಿಗೆ ಬರಬೇಡ ಎಂದ ಮನುಷ್ಯನಿಗೆ ಮನೆಯಲ್ಲಿ ಹಾಸಿಗೆ ಹಾಸುವುದು ಇನ್ನು ಮೇಲೆ ಬರೀ ಅತಿಥಿ ಸತ್ಕಾರವಾಗಿ ಉಳಿಯುವಂತಿರಲಿಲ್ಲ.

ಇದು ಗಾಂಧಿಗೂ ಗೊತ್ತಿತ್ತು. ರುದ್ರ ಅವರಿಗೆ ಉನ್ನತ ವಲಯದಲ್ಲಿ ಇಂಗ್ಲಿಷ್ ಗೆಳೆಯರಿದ್ದರು. ಅವರು ಕೆಲಸ ಮಾಡುತ್ತಿದ್ದದ್ದು ಅಪ್ಪಟ ಇಂಗ್ಲಿಷ್ ಮಿಷನ್‌ನಲ್ಲಿ. ಆ ಹುದ್ದೆಗೆ ಬಂದ ಮೊದಲ ಭಾರತೀಯ ಬೇರೆ. ಅವರು ಎಡವಿದರೆ ಮುಂದಿನ ಭಾರತೀಯನ ಹಾದಿಯೂ ಮುಚ್ಚುತ್ತದೆ. ತಮ್ಮಿಂದ ಅವರಿಗೂ ಕಾಲೇಜಿಗೂ ಕುತ್ತು ಬರಬಾರದೆಂದು ಗಾಂಧಿ ಬೇರೆಡೆ ಉಳಿದುಕೊಳ್ಳುವುದಾಗಿ ಹೇಳಿದರು.

ರುದ್ರ ಒಪ್ಪಲಿಲ್ಲ. ತಮ್ಮ ಅಭಿಪ್ರಾಯಗಳು ಪ್ರಾರ್ಥನೆಯಲ್ಲಿ ಯೋಚಿಸಿ ಕಂಡುಕೊಂಡವು, ಅವು ಇಂಗ್ಲಿಷ್ ಗೆಳೆಯರಿಗೂ ಗೊತ್ತಿವೆ, ಇದರಲ್ಲಿ ಮುಚ್ಚುಮರೆ ಇಲ್ಲ ಎಂಬುದು ಅವರ ನಿಲುವು. ಇಂಗ್ಲಿಷರ ನಡುವಿನ ತಮ್ಮ ಪ್ರಭಾವ ಅಥವಾ ಗಾಂಧಿಯ ಸ್ನೇಹ, ಎರಡರಲ್ಲಿ ಒಂದನ್ನು ಕಳೆದುಕೊಳ್ಳಬೇಕಾದರೆ ಯಾವುದನ್ನು ಬಿಡಬೇಕೆಂದು ತಮಗೆ ಗೊತ್ತು ಎಂದು ಅವರು ತಿಳಿಸಿದರು. ಮನೆಗೆ ಬಗೆಬಗೆಯ ಜನ ಬಂದುಹೋಗುವುದರಿಂದ ತೊಂದರೆ ಆಗುವುದಿಲ್ಲವೇ ಎಂಬ ಮಾತಿಗೂ ಬೇಸರಿಸಲಿಲ್ಲ. ಆಸರೆ ಕೊಡುವುದೇ ದೇಶಕ್ಕೆ ತಾವು ಮಾಡಬಹುದಾದ ಸಣ್ಣ ಸೇವೆ ಎಂದು ಅವರು ಭಾವಿಸಿದ್ದರು.

ಮೆಚ್ಚಬೇಕಾದ ದಿಟ್ಟತನ ಇದು, ಅನುಮಾನವಿಲ್ಲ. ಆದರೆ ಇಲ್ಲಿ ಒಂದು ಗಂಟು ಇದೆ. ರುದ್ರ ಪಣಕ್ಕಿಟ್ಟದ್ದು ತಮ್ಮ ಕೆಲಸವನ್ನು ಮಾತ್ರವಲ್ಲ. ಆ ಮನೆ ಅವರಿಗೆ ಸಿಕ್ಕಿದ್ದೇ ಪ್ರಾಂಶುಪಾಲರಾಗಿ. ಕಾಲೇಜಿಗೆ ಪೆಟ್ಟು ಬಿದ್ದಿದ್ದರೆ ಅದು ಬೀಳುತ್ತಿದ್ದದ್ದು ಪದವಿಗಾಗಿ ಕಾಯುತ್ತಿದ್ದ ಹುಡುಗರ ಮೇಲೆ, ಸಂಬಳ ನಂಬಿದ್ದ ಸಿಬ್ಬಂದಿಯ ಮೇಲೆ. ಅವರನ್ನು ಯಾರೂ ಕೇಳಿರಲಿಲ್ಲ. ಅಂತಃಕರಣಕ್ಕೆ ಉತ್ತರ ಹೇಳುವುದೂ ಸಂಸ್ಥೆಗೆ ಉತ್ತರ ಹೇಳುವುದೂ ಒಂದೇ ಅಲ್ಲ. ರುದ್ರ ಅವರ ಪರವಾಗಿ ಹೇಳಬಹುದಾದ ಮಾತೆಂದರೆ, ಅವರು ಮನೆಯ ಬಾಗಿಲನ್ನು ತೆರೆದರೇ ಹೊರತು ತರಗತಿಯನ್ನು ಯಾವ ಪಕ್ಷದ ಕಚೇರಿಯಾಗಿಯೂ ಮಾಡಲಿಲ್ಲ. ತಮ್ಮ ಒಲವನ್ನು ಮೇಲಿನವರಿಂದ ಬಚ್ಚಿಡಲೂ ಇಲ್ಲ.

ಮನೆಯೊಳಗೇ ಹುಟ್ಟಿದ ಅಸಹಕಾರ

ಕಠಿಣ ಪರೀಕ್ಷೆ ಬಂದದ್ದು 1920ರಲ್ಲಿ. ಅದರ ಹಿಂದಿನ ನವೆಂಬರ್‌ನಲ್ಲಿ ದೆಹಲಿಯಲ್ಲೇ ನಡೆದ ಖಿಲಾಫತ್ ಸಭೆಯಲ್ಲಿ ಗಾಂಧಿ ಹೊಸ ಹೋರಾಟಕ್ಕೆ ಹೆಸರು ಹುಡುಕುತ್ತಾ, ಹಿಂದಿ ಅಥವಾ ಉರ್ದುವಿನಲ್ಲಿ ತಕ್ಕ ಪದ ಹೊಳೆಯದೆ, ಇಂಗ್ಲಿಷಿನಲ್ಲೇ ನಾನ್ ಕೋಆಪರೇಷನ್ ಎಂದಿದ್ದರು. ಖಿಲಾಫತ್ ಬೇಡಿಕೆಗಳಿಗೆ ರೂಪ ಕೊಟ್ಟು ವೈಸ್‌ರಾಯ್‌ಗೆ ಬರೆದ ಬಹಿರಂಗ ಪತ್ರದ ಕರಡು ಸಿದ್ಧವಾದದ್ದು ರುದ್ರ ಅವರ ಮನೆಯಲ್ಲಿ. ಅದನ್ನು ತಿದ್ದಿದವರು ರುದ್ರ ಮತ್ತು ಆಂಡ್ರೂಸ್. ಮೌಲಾನಾಗಳ ಜೊತೆ ಗಾಂಧಿ ನಡೆಸಿದ ಖಾಸಗಿ ಮಾತುಕತೆಯ ವೇಳೆ ರುದ್ರ ಬಾಯಿಬಿಡದೆ, ಆದರೆ ಕಿವಿ ನೆಟ್ಟು ಕೂತಿದ್ದರು. ತುರ್ಕಿಯ ಖಲೀಫನ ಪರವಾದ ಅರ್ಜಿಯನ್ನು ಆಂಗ್ಲಿಕನ್ ಕಾಲೇಜಿನ ಮುಖ್ಯಸ್ಥರೊಬ್ಬರು ತಿದ್ದಿಕೊಟ್ಟರು ಎಂದರೆ ಇಂದಿನ ಟಿವಿ ಚರ್ಚೆಗಳು ಏನಾಗುತ್ತಿದ್ದವೋ!

ಆ ಚಳವಳಿಯ ಮೊದಲ ಗುರಿಗಳಲ್ಲಿ ಕಾಲೇಜುಗಳೇ ಇದ್ದವು. ಸರ್ಕಾರ ನಡೆಸುವ, ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳನ್ನು ವಿದ್ಯಾರ್ಥಿಗಳು ಬಿಡಬೇಕೆಂದು 1920ರ ಸೆಪ್ಟೆಂಬರ್‌ನ ಕಲ್ಕತ್ತಾ ಅಧಿವೇಶನ ಕರೆ ಕೊಟ್ಟಿತು. ಅಕ್ಟೋಬರ್ 29ರಂದು ಅಲಿಗಢದಲ್ಲಿ ಜಾಮಿಯಾ ಮಿಲ್ಲಿಯಾ ಹುಟ್ಟಿತು, ಐದು ವರ್ಷದ ಬಳಿಕ ಅದು ದೆಹಲಿಗೇ ಬಂತು. ಹೀಗೆ ರುದ್ರ ಅವರ ಮನೆಯಲ್ಲಿ ರೂಪ ತಾಳಿದ ಚಳವಳಿ ಅವರ ಕಾಲೇಜಿನಂಥ ಕಾಲೇಜುಗಳ ಬಾಗಿಲಿಗೇ ಬಂದು ನಿಂತಿತು.

ರುದ್ರ ಕಾಲೇಜು ಮುಚ್ಚಲಿಲ್ಲ. ಹುದ್ದೆಯನ್ನೂ ಬಿಡಲಿಲ್ಲ. ಗಾಂಧಿಯ ಸ್ನೇಹವನ್ನೂ ಬಿಡಲಿಲ್ಲ. ಇದನ್ನು ಎರಡು ದೋಣಿಯ ಮೇಲೆ ಕಾಲಿಟ್ಟದ್ದು ಎಂದು ಕರೆಯುವವರು ಕರೆಯಬಹುದು. ಆದರೆ ಮಿಷನ್ ಒಪ್ಪಿಸಿದ ಕಾಲೇಜನ್ನು ತಮ್ಮ ನಂಬಿಕೆಯ ಚಳವಳಿಗೆ ಬಲಿ ಕೊಡುವ ಹಕ್ಕು ತಮಗಿಲ್ಲ ಎಂಬ ಮಿತಿ ಅವರ ನಡೆಯಲ್ಲಿ ಕಾಣುತ್ತದೆ. ದೆಹಲಿ ವಿಶ್ವವಿದ್ಯಾಲಯ 1922ರಲ್ಲಿ ಸ್ಥಾಪನೆಯಾದಾಗ ಅದರ ಮೊದಲ ಮೂರು ಕಾಲೇಜುಗಳಲ್ಲಿ ಹಿಂದೂ ಮತ್ತು ರಾಮಜಸ್ ಜೊತೆಗೆ ಸೇಂಟ್ ಸ್ಟೀಫನ್ಸ್ ಕೂಡ ಇತ್ತು. ಕಾಲೇಜು ಉಳಿದದ್ದರಿಂದಲೇ ಅದು ಸಾಧ್ಯವಾಯಿತು.

ಪ್ರವೇಶ ಸಂದರ್ಶನ ಯಾರಿಗೆ ಇರಬೇಕು, ಕೊನೆಯ ಮಾತು ಆಡಳಿತ ಮಂಡಳಿಯದೋ ವಿಶ್ವವಿದ್ಯಾಲಯದ್ದೋ ಎಂಬ ಜಗಳ ಈ ಎರಡರ ನಡುವೆ ಇಂದಿಗೂ ಮುಗಿದಿಲ್ಲ. 2022ರಲ್ಲೂ ಅದು ದೆಹಲಿ ಹೈಕೋರ್ಟ್ ಮೆಟ್ಟಿಲೇರಿತ್ತು.

ಸತ್ತ ಮೇಲೆ ಹೊರಬಿದ್ದ ಗುಟ್ಟು

ರುದ್ರ 1923ರಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಮತ್ತೆ ಇಂಗ್ಲಿಷರೇ, ಎಫ್.ಎಫ್. ಮಾಂಕ್. ಆದರೆ 1926ರಲ್ಲಿ ಎಸ್.ಎನ್. ಮುಖರ್ಜಿ ಬಂದ ನಂತರ ಆ ಕುರ್ಚಿ ಭಾರತೀಯರ ಕೈ ಬಿಟ್ಟು ಹೋಗಲಿಲ್ಲ. ಅದನ್ನು ನೋಡಲು ರುದ್ರ ಇರಲಿಲ್ಲ. 1925ರ ಜೂನ್ 29ರಂದು, 64ನೇ ವಯಸ್ಸಿನಲ್ಲಿ, ಸೋಲನ್‌ನಲ್ಲಿ ಅವರು ತೀರಿಕೊಂಡರು.

ಜುಲೈನಲ್ಲಿ ಗಾಂಧಿ ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಅವರ ಬಗ್ಗೆ ಬರೆದರು. ತಾವು ಮನೆ ಬಿಡುವುದಾಗಿ ಹೇಳಿದ್ದು, ರುದ್ರ ತಡೆದದ್ದು, ವೈಸ್‌ರಾಯ್ ಪತ್ರದ ಕರಡು, ಅಸಹಕಾರದ ಯೋಚನೆ ಮೊಳೆತ ಸೂರು ಯಾವುದು ಎಂಬುದೆಲ್ಲ ಅದರಲ್ಲಿತ್ತು. ಇವು ಹೆಚ್ಚಿನವರಿಗೆ ತಿಳಿದಿರಲಾರದ ಸಂಗತಿಗಳು ಎಂದು ಗಾಂಧಿಯೇ ಅದರಲ್ಲಿ ಸೂಚಿಸಿದ್ದರು. ಬರಹ ಅಚ್ಚಾದ ಹೊತ್ತಿಗೆ ರುದ್ರ ಅವರಿಂದ ವಿವರಣೆ ಕೇಳುವ ಅಧಿಕಾರ ಯಾವ ಬಿಷಪ್‌ಗೂ, ಯಾವ ಸರ್ಕಾರಕ್ಕೂ ಉಳಿದಿರಲಿಲ್ಲ.