ರಾಜ್‌ಕುಮಾರ್ ಅವರ ಗಾಯನ ಜೀವನ

ಡಾ. ರಾಜ್‌ಕುಮಾರ್ (24 ಏಪ್ರಿಲ್ 1929 – 12 ಏಪ್ರಿಲ್ 2006) ಕನ್ನಡ ಚಿತ್ರರಂಗದ ಮೇರುನಟರು ಹಾಗೂ ಹಿನ್ನೆಲೆ ಗಾಯಕರು. ಮೂಲ ಹೆಸರು ಮುತ್ತುರಾಜ್. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಾಯಕರಾಗಿ ಅಭಿನಯಿಸಿದ ಅವರು ವೃತ್ತಿಜೀವನದ ಮೊದಲ ಎರಡು ದಶಕಗಳಲ್ಲಿ ಬಹುಮಟ್ಟಿಗೆ ಬೇರೆ ಗಾಯಕರ ಕಂಠಕ್ಕೆ ತುಟಿ ಚಲಿಸಿದರು. ನಿಯತವಾಗಿ ಹಾಡತೊಡಗಿದ್ದು 45ರ ವಯಸ್ಸಿನಲ್ಲಿ.

ಹುಟ್ಟೂರು ಮತ್ತು ರಂಗಭೂಮಿ

ತಂದೆ ಪುಟ್ಟಸ್ವಾಮಯ್ಯನವರ ಊರು ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರು, ತಾಯಿ ಲಕ್ಷ್ಮಮ್ಮ. ಮುತ್ತುರಾಜ್ ಜನಿಸಿದ್ದು ಗಾಜನೂರಿನಲ್ಲಿ. ಆಗ ಈ ಎರಡೂ ಊರುಗಳು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಬಂದಿತು, ತಾಳವಾಡಿ ಪ್ರದೇಶದ ಗಾಜನೂರು ತಮಿಳುನಾಡಿನಲ್ಲಿಯೇ ಉಳಿಯಿತು. ಹೀಗಾಗಿ ಕನ್ನಡದ ಸಂಕೇತವೆಂದೇ ಪರಿಗಣಿತರಾದ ನಟರ ಜನ್ಮಸ್ಥಳ ಕರ್ನಾಟಕದ ಗಡಿಯಾಚೆಗಿದೆ.

ಮಲೆ ಮಹದೇಶ್ವರನ ಮಹಿಮೆಯನ್ನು ಕಂಸಾಳೆಯವರೂ ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರೂ ಹಾಡಿಕೊಂಡು ಬಂದ ನಾಡು ಇದು. ಆದರೆ ರಾಜ್‌ಕುಮಾರ್ ಅವರ ಗಾಯನವನ್ನು ರೂಪಿಸಿದ್ದು ಮುಖ್ಯವಾಗಿ ವೃತ್ತಿರಂಗಭೂಮಿ. ರಂಗನಟರಾಗಿದ್ದ ತಂದೆಯೊಡನೆ ಬಾಲ್ಯದಲ್ಲಿಯೇ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದರು. ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲಿಯೂ ದುಡಿದರು. ಶಾಲಾ ಶಿಕ್ಷಣ ಪ್ರಾಥಮಿಕ ಹಂತದಲ್ಲಿಯೇ ನಿಂತಿತು. ಕಂಪನಿ ನಾಟಕದ ನಟನು ತನ್ನ ಹಾಡನ್ನು ತಾನೇ, ಕೊನೆಯ ಸಾಲಿನ ಪ್ರೇಕ್ಷಕನಿಗೂ ಅಕ್ಷರ ಅಕ್ಷರ ಕೇಳುವಂತೆ ಹಾಡಬೇಕಿತ್ತು. ಅವರ ಉಚ್ಚಾರಣೆಯ ಸ್ಪಷ್ಟತೆಗೆ ಈ ಶಿಸ್ತೇ ಮೂಲ.

ಎರವಲು ಕಂಠದ ಕಾಲ

ಎಚ್. ಎಲ್. ಎನ್. ಸಿಂಹ ನಿರ್ದೇಶನದ 'ಬೇಡರ ಕಣ್ಣಪ್ಪ' (1954) ಚಿತ್ರದಿಂದ ಮುತ್ತುರಾಜ್ ರಾಜ್‌ಕುಮಾರ್ ಆದರು. ಕಣ್ಣಪ್ಪನ ಹಾಡಿಗೆ ದನಿಯಾದವರು ಸಿ. ಎಸ್. ಜಯರಾಮನ್. 'ಓಹಿಲೇಶ್ವರ' (1956) ಮತ್ತು 'ಮಹಿಷಾಸುರ ಮರ್ದಿನಿ' (1959) ಚಿತ್ರಗಳಲ್ಲಿ ರಾಜ್‌ಕುಮಾರ್ ಸ್ವತಃ ಹಾಡಿದರಾದರೂ ಅದು ಮುಂದುವರಿಯಲಿಲ್ಲ. ಪಿ. ಬಿ. ಶ್ರೀನಿವಾಸ್ ಅವರ ಮೃದುವಾದ ಕಂಠವೇ ರಾಜ್‌ಕುಮಾರ್ ಕಂಠವೆಂದು ಜನ ಒಪ್ಪಿಕೊಂಡರು. 'ಭಕ್ತ ಕನಕದಾಸ', 'ಮಂತ್ರಾಲಯ ಮಹಾತ್ಮೆ', 'ಬಂಗಾರದ ಮನುಷ್ಯ' ಚಿತ್ರಗಳ ಗೀತೆಗಳಲ್ಲಿ ಈ ಜೋಡಿಯ ಹೊಂದಾಣಿಕೆ ಎಷ್ಟು ಸಹಜವಾಗಿದೆಯೆಂದರೆ, ಹಾಡುತ್ತಿರುವವರು ಬೇರೆ ಎಂಬುದು ಇಂದಿಗೂ ನೋಡುಗರಿಗೆ ಮರೆತುಹೋಗುತ್ತದೆ.

1974ರ ತಿರುವು

ಧುತ್ತರಗಿಯವರ ನಾಟಕವನ್ನು ಆಧರಿಸಿದ 'ಸಂಪತ್ತಿಗೆ ಸವಾಲ್' (1974) ಚಿತ್ರದಲ್ಲಿ ಜಿ. ಕೆ. ವೆಂಕಟೇಶ್ ಅವರು ನಾಯಕನಿಂದಲೇ 'ಯಾರೇ ಕೂಗಾಡಲಿ' ಗೀತೆಯನ್ನು ಹಾಡಿಸಿದರು. ಎಮ್ಮೆಯ ಮೇಲೆ ಕುಳಿತು ಹಾಡುವ ಹಳ್ಳಿಗನ ಈ ಹಾಡಿಗೆ ನಯಕ್ಕಿಂತ ಎದೆಗಾರಿಕೆ ಬೇಕಿತ್ತು. ಕಂಪನಿ ನಾಟಕದ ತೆರೆದ ಕಂಠ ಅದಕ್ಕೆ ಒದಗಿತು. ಗೀತೆ ಅಪಾರ ಜನಪ್ರಿಯತೆ ಗಳಿಸಿತು. ಮುಂದಿನ ಕೆಲವೇ ವರ್ಷಗಳಲ್ಲಿ ತಮ್ಮ ಪಾತ್ರಗಳಿಗೆ ತಾವೇ ಹಾಡುವುದು ರೂಢಿಯಾಯಿತು. 'ಆಪರೇಷನ್ ಡೈಮಂಡ್ ರಾಕೆಟ್' (1978) ಚಿತ್ರದಲ್ಲಿ ಇಂಗ್ಲಿಷ್ ಗೀತೆಯೊಂದನ್ನೂ, 'ಕವಿರತ್ನ ಕಾಳಿದಾಸ'ದಲ್ಲಿ (1983) ಸಂಸ್ಕೃತದ ಶ್ಯಾಮಲಾ ದಂಡಕವನ್ನೂ ಹಾಡಿದರು. ಎರಡನೆಯದು ಅವರ ಗಾಯನದ ಉತ್ತಮ ಮಾದರಿಗಳಲ್ಲೊಂದು.

ಚಿತ್ರರಂಗದ ಹೊರಗೆ ಅವರ ಭಕ್ತಿಗೀತೆಗಳ ಕ್ಯಾಸೆಟ್‌ಗಳು, ಅದರಲ್ಲಿಯೂ ರಾಘವೇಂದ್ರ ಸ್ವಾಮಿಗಳನ್ನು ಕುರಿತವು, ಮನೆಮಾತಾದವು. 1966ರಲ್ಲಿ 'ಮಂತ್ರಾಲಯ ಮಹಾತ್ಮೆ'ಯ ರಾಘವೇಂದ್ರರಾಗಿ ಅವರು ನಟಿಸಿದಾಗ ಹಾಡಿದ್ದು ಶ್ರೀನಿವಾಸ್. ಅದೇ ಗುರುಗಳ ಸ್ತುತಿಯನ್ನು ಕ್ಯಾಸೆಟ್‌ಗಳಲ್ಲಿ ಹಾಡಿದ್ದು ಸ್ವತಃ ರಾಜ್‌ಕುಮಾರ್.

ಉತ್ತರಾರ್ಧ

'ಜೀವನ ಚೈತ್ರ' (1992) ಚಿತ್ರಕ್ಕಾಗಿ ಉಪೇಂದ್ರ ಕುಮಾರ್ ಸಂಗೀತದಲ್ಲಿ, ತೋಡಿ ರಾಗದ ಛಾಯೆಯಲ್ಲಿ ಹಾಡಿದ 'ನಾದಮಯ' ಗೀತೆಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಲಭಿಸಿತು. ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಅವರಿಗೆ ಎಂದೂ ಬರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. 1995ನೇ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಸಮಗ್ರ ಸಾಧನೆಗೆ ಸಂದದ್ದು.

ಈ ಅವಧಿಯಲ್ಲಿ ಅವರು ಇತರರ ಪಾತ್ರಗಳಿಗೂ ದನಿಯಾದರು. 'ಮುದ್ದಿನ ಮಾವ' (1993) ಚಿತ್ರದಲ್ಲಿ ನಟಿಸಿದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಹಿನ್ನೆಲೆಯಲ್ಲಿ ಹಾಡಿದ್ದು ರಾಜ್‌ಕುಮಾರ್! ಮಗ ಶಿವರಾಜ್‌ಕುಮಾರ್ ನಾಯಕರಾಗಿದ್ದ 'ಓಂ' (1995) ಚಿತ್ರಕ್ಕೂ ಹಾಡಿದರು.

'ಶಬ್ದವೇಧಿ' (2000) ಅವರ ಕೊನೆಯ ಚಿತ್ರ. ಅದೇ ವರ್ಷ ಜುಲೈ 30ರಂದು ಗಾಜನೂರಿನ ಮನೆಯಿಂದ ಅವರನ್ನು ವೀರಪ್ಪನ್ ಅಪಹರಿಸಿದನು. 108 ದಿನಗಳ ಬಳಿಕ, ನವೆಂಬರ್ 15ರಂದು ಬಿಡುಗಡೆಯಾಯಿತು. 2006ರ ಏಪ್ರಿಲ್ 12ರಂದು ಬೆಂಗಳೂರಿನಲ್ಲಿ ನಿಧನರಾದರು. ಕಂಠೀರವ ಸ್ಟುಡಿಯೋ ಆವರಣದಲ್ಲಿ ಅವರ ಸಮಾಧಿಯಿದೆ.