ಕೆ. ಆಸಿಫರು ಕಂಡ ಬಣ್ಣ

'ಮೊಘಲ್-ಎ-ಆಜಂ' ಚಿತ್ರದ ನಿರ್ದೇಶಕರಾದ ಕೆ. ಆಸಿಫರ ಹೆಸರನ್ನು ಕೇಳದ ಚಿತ್ರರಸಿಕರು ವಿರಳ. ನಲವತ್ತೆಂಟು ವರ್ಷಗಳ ಆಯುಷ್ಯದಲ್ಲಿ ಅವರು ನಿರ್ದೇಶಿಸಿ ಪೂರೈಸಿದ ಚಿತ್ರಗಳಾದರೋ ಎರಡೇ. ಆ ಎರಡರಲ್ಲಿ ಹಿರಿದಾದುದಕ್ಕೆ ಅವರು ಗತಿಸಿದ ಮೇಲೆ ಅನ್ಯರು ಬಣ್ಣ ತುಂಬಿದರು. ಇದು ಸಾಧುವೇ ಎಂಬ ಪ್ರಶ್ನೆಗೆ ಉತ್ತರವನ್ನು ಅವರ ಬಾಳಿನಲ್ಲಿಯೇ ಹುಡುಕಬೇಕೆಂದು ನನಗೆ ತೋರುತ್ತದೆ.

ಆಸಿಫರು ಹುಟ್ಟಿದ್ದು 1922ರಲ್ಲಿ, ಉತ್ತರ ಹಿಂದೂಸ್ಥಾನದ ಇಟಾವಾದಲ್ಲಿ. 1945ರಲ್ಲಿ ಅವರ ಮೊದಲ ಚಿತ್ರ 'ಫೂಲ್' ತೆರೆಕಂಡಿತು. ಅನಂತರ ಅಕ್ಬರ, ಸಲೀಮ, ಅನಾರ್ಕಲಿಯರ ಕಥೆಗೆ ಕೈಹಾಕಿದರು, ವಿಧಿ ಅಡ್ಡಬಂದಿತು. ದೇಶ ಇಬ್ಭಾಗವಾದಾಗ ಹಣ ಹೂಡಿದ್ದ ಶೀರಾಜ್ ಅಲಿ ಹಕೀಮರು ಪಾಕಿಸ್ತಾನಕ್ಕೆ ಹೊರಟುಹೋದರು. ಅಕ್ಬರನ ಪಾತ್ರ ವಹಿಸಿದ್ದ ಚಂದ್ರಮೋಹನರು 1949ರಲ್ಲಿ ತೀರಿಕೊಂಡರು. ಬೇರೊಬ್ಬರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಆಸಿಫರು ಶಾಪೂರ್ಜಿ ಪಲ್ಲೋಂಜಿಯವರ ಹಣದಿಂದ, ಪೃಥ್ವಿರಾಜ್ ಕಪೂರ್, ದಿಲೀಪ್ ಕುಮಾರ್, ಮಧುಬಾಲಾ ಇವರೊಡನೆ ಎಲ್ಲವನ್ನೂ ಮೊದಲಿನಿಂದ ಆರಂಭಿಸಿದರು.

ಮುಂಬಯಿಯ ಮೋಹನ್ ಸ್ಟುಡಿಯೋದಲ್ಲಿ ಕನ್ನಡಿಗಳ ಅರಮನೆ ಎದ್ದಿತು. ಸಹಸ್ರಾರು ಕನ್ನಡಿಚೂರುಗಳಿಂದ ದೀಪದ ಬೆಳಕು ಚಿಮ್ಮಿ ಕ್ಯಾಮರಾದ ಕಣ್ಣನ್ನೇ ಕುಕ್ಕುತ್ತಿತ್ತು. ಛಾಯಾಗ್ರಾಹಕ ಆರ್. ಡಿ. ಮಾಥುರರು ಬಹು ಪ್ರಯಾಸದಿಂದ ಅದನ್ನು ಪಳಗಿಸಿದರು. ಅಲ್ಲಿಯ ನೃತ್ಯವನ್ನು ವರ್ಣದಲ್ಲಿ ತೆಗೆದದ್ದೇ ತಡ, ಇಡೀ ಚಿತ್ರವನ್ನು ವರ್ಣದಲ್ಲಿ ಮತ್ತೆ ತೆಗೆಯಬೇಕೆಂಬ ಹಂಬಲ ಆಸಿಫರಿಗೆ ಹುಟ್ಟಿತು. ವರುಷಗಟ್ಟಲೆ ಕಾದಿದ್ದ ಹಂಚಿಕೆದಾರರಿಗೆ ಇನ್ನು ತಾಳ್ಮೆಯೆಲ್ಲಿ? 1960ರ ಆಗಸ್ಟ್ 5ರಂದು ಚಿತ್ರವು ಬಹುಭಾಗ ಕಪ್ಪು-ಬಿಳುಪಿನಲ್ಲಿ, ಸ್ವಲ್ಪ ಭಾಗ ಮಾತ್ರ ವರ್ಣದಲ್ಲಿ ಹೊರಬಂದಿತು.

ಮುಂದೆ ಅವರು ವರ್ಣದಲ್ಲಿಯೇ ಕೈಗೊಂಡ 'ಲವ್ ಅಂಡ್ ಗಾಡ್' ಪೂರ್ಣವಾಗಲಿಲ್ಲ. ನಾಯಕ ಗುರುದತ್ತರು 1964ರಲ್ಲಿ ತೀರಿಕೊಂಡರು. 1971ರಲ್ಲಿ ಆಸಿಫರೂ ಕಣ್ಮುಚ್ಚಿದರು. ಆ ಅಪೂರ್ಣ ಚಿತ್ರ 1986ರಲ್ಲಿ ಬಿಡುಗಡೆಯಾಯಿತು.

2004ರ ನವೆಂಬರಿನಲ್ಲಿ 'ಮೊಘಲ್-ಎ-ಆಜಂ' ಸಂಪೂರ್ಣ ವರ್ಣದಲ್ಲಿ ಮರಳಿ ಬಂದಿತು. ಶಿಥಿಲವಾಗಿದ್ದ ಪ್ರತಿಯ ಒಂದೊಂದು ಬಿಂಬವನ್ನೂ ಕಂಪ್ಯೂಟರಿನಲ್ಲಿ ತೊಳೆದು ಬಣ್ಣ ಕೂಡಿಸಿದರು. ಬೂದುಛಾಯೆಯು ಬೆಳಕೆಷ್ಟು, ನೆರಳೆಷ್ಟು ಎಂಬುದನ್ನು ಹೇಳೀತು. ಸೆರಗು ಕೆಂಪೋ ಹಸಿರೋ ಎಂಬುದನ್ನು ಹೇಳದು. ಅದನ್ನು ಈಗಿನವರು ಊಹಿಸಬೇಕಾಯಿತು. ನಮ್ಮಲ್ಲಿಯೂ 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ ಹೀಗೆಯೇ ಬಣ್ಣ ತಳೆಯಿತು.

ನಾಣ್ಯಸಂಗ್ರಾಹಕರಲ್ಲಿ ಒಂದು ಕಟ್ಟಳೆಯುಂಟು. ಟಂಕಸಾಲೆಯೇ ಬಣ್ಣವಿಟ್ಟು ಹೊರತಂದ ನಾಣ್ಯವನ್ನು ಅವರು ಒಪ್ಪುತ್ತಾರೆ. ಅಕ್ಬರನ ಮೊಹರಿಗೆ ಇಂದು ಯಾರಾದರೂ ಬಣ್ಣ ಹಚ್ಚಿದರೆ ಅದರ ಬೆಲೆ ಕುಸಿಯುತ್ತದೆ. ಆಸಿಫರ ಚಿತ್ರ ಈ ಎರಡರ ನಡುವೆ ನಿಂತಿದೆ: ಬಯಕೆ ಟಂಕಿಸಿದವರದು, ಕೈ ಮಾತ್ರ ಅನ್ಯರದು.

ಆದರೂ ಒಂದು ನಷ್ಟವನ್ನು ನಾನು ಮರೆಯಲಾರೆ. ಹಳೆಯ ಪ್ರತಿಯಲ್ಲಿ ಕಪ್ಪು-ಬಿಳುಪಿನ ದರ್ಬಾರುಗಳನ್ನು ದಾಟಿ ಬಂದ ಪ್ರೇಕ್ಷಕನಿಗೆ ಆ ಕನ್ನಡಿಮಹಲು ಒಮ್ಮೆಲೇ ಬಣ್ಣದಲ್ಲಿ ಬೆಳಗುತ್ತಿತ್ತು. ಅನಾರ್ಕಲಿಯ ಧೈರ್ಯಕ್ಕೆ ಆ ಬೆಳಕೇ ಸಾಕ್ಷಿಯಾಗಿತ್ತು. ಎಲ್ಲೆಡೆಯೂ ಬಣ್ಣವಿರುವಲ್ಲಿ ಆ ಬೆರಗಿಗೆ ಎಡೆಯಿಲ್ಲ. ಆಸಿಫರು ಬಯಸಿದ್ದು ಸಿಕ್ಕಿತು, ನಿಜ. ಬಯಸದೆ ಕೈಗೂಡಿದ್ದು ಅದಕ್ಕಿಂತ ದೊಡ್ಡದು. ಆದಕಾರಣ ಹೊಸ ಪ್ರತಿಯನ್ನು ನೋಡುವವರು ನೋಡಲಿ, ಹಳೆಯದನ್ನು ಮಾತ್ರ ಮರೆಗೆ ಸರಿಸದಿರಲಿ.