ಅಚಲೆಯ ಚಲನೆಯನ್ನು ಕಂಡ ವೆಗೆನರ್

ಭೂಮಿಗೆ ಅಚಲೆಯೆಂಬ ಹೆಸರುಂಟು. ಆ ಅಚಲೆಯ ಖಂಡಗಳೇ ಚಲಿಸುತ್ತಿವೆಯೆಂದು ಸಾರಿ ವಿದ್ವಾಂಸರ ಅವಹೇಳನಕ್ಕೆ ಗುರಿಯಾದ ಆಲ್ಫ್ರೆಡ್ ವೆಗೆನರರ ಜೀವನವನ್ನು ನಾವಿಂದು ವಾಚಕರ ಮುಂದಿಡುತ್ತಿದ್ದೇವೆ.

ಜರ್ಮನಿಯ ಬರ್ಲಿನ್ ನಗರದಲ್ಲಿ ೧೮೮೦ನೆಯ ಇಸವಿ ನವೆಂಬರ್ ೧ರಂದು ಜನಿಸಿದ ಇವರು ಖಗೋಳಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರೂ ಹವಾಮಾನ ಶಾಸ್ತ್ರವನ್ನೇ ವೃತ್ತಿಯಾಗಿ ಆರಿಸಿಕೊಂಡರು. ೧೯೦೬ರಲ್ಲಿ ಅಣ್ಣ ಕುರ್ಟರೊಡನೆ ಬೆಲೂನಿನಲ್ಲಿ ಸತತವಾಗಿ ೫೨ ತಾಸು ಹಾರಿ ದಾಖಲೆ ಸ್ಥಾಪಿಸಿದರು.

ಆಫ್ರಿಕದ ಪಶ್ಚಿಮ ತೀರವೂ ದಕ್ಷಿಣ ಅಮೆರಿಕದ ಪೂರ್ವ ತೀರವೂ ಒಡೆದ ತಟ್ಟೆಯ ಚೂರುಗಳಂತೆ ಹೊಂದಿಕೊಳ್ಳುವುದು ಅವರ ಚಿತ್ತವನ್ನು ಸೆಳೆಯಿತು. ಅಟ್ಲಾಂಟಿಕ್ ಸಾಗರವನ್ನು ಈಜಿ ದಾಟಲಾರದ ಮೆಸೊಸಾರಸ್ ಎಂಬ ಸರೀಸೃಪದ ಪಳೆಯುಳಿಕೆಗಳು ಎರಡೂ ಖಂಡಗಳಲ್ಲಿ ದೊರೆತಿದ್ದವು. ನಮ್ಮ ದೇಶದ ಕಲ್ಲಿದ್ದಲ ಪದರಗಳಲ್ಲಿ ಕಾಣುವ ಗ್ಲಾಸಾಪ್ಟೆರಿಸ್ ಎಲೆಯ ಅಚ್ಚು ಆಫ್ರಿಕ, ಆಸ್ಟ್ರೇಲಿಯಗಳಲ್ಲಿಯೂ ಇತ್ತು. ಇವೆಲ್ಲವೂ ಒಮ್ಮೆ ಕೂಡಿದ್ದ ಒಂದೇ ನೆಲವೆಂದು ೧೯೧೨ರಲ್ಲಿ ಅವರು ಘೋಷಿಸಿದರು. ಮಹಾಯುದ್ಧದಲ್ಲಿ ಗಾಯಗೊಂಡು, ೧೯೧೫ರಲ್ಲಿ ಈ ಕುರಿತು ಗ್ರಂಥವನ್ನೇ ಪ್ರಕಟಿಸಿದರು.

ಹವಾಮಾನದವನಿಗೆ ಭೂಗರ್ಭದ ಗೊಡವೆಯೇಕೆಂದು ಪಂಡಿತರು ಮೂಗು ಮುರಿದರು. ೧೯೨೬ರಲ್ಲಿ ನ್ಯೂಯಾರ್ಕಿನ ವಿದ್ವತ್ಸಭೆಯಲ್ಲಿ ಖಂಡನೆಯೇ ಪ್ರಬಲವಾಯಿತು. ಖಂಡಗಳನ್ನು ತಳ್ಳುವ ಶಕ್ತಿ ಯಾವುದೆಂಬ ಪ್ರಶ್ನೆಗೆ ವೆಗೆನರರಲ್ಲಿ ಸಮರ್ಪಕ ಉತ್ತರವಿರಲಿಲ್ಲವೆಂಬುದೂ ನಿಜ. ಆದರೂ ಅವರು ಎದೆಗುಂದದೆ, ಹೊಸ ಪುರಾವೆಗಳನ್ನು ಸೇರಿಸಿ ಗ್ರಂಥವನ್ನು ಮತ್ತೆ ಮತ್ತೆ ಪರಿಷ್ಕರಿಸಿದರು.

೧೯೩೦ರಲ್ಲಿ ಸಂಶೋಧನೆಗಾಗಿ ಗ್ರೀನ್‌ಲೆಂಡಿಗೆ ತೆರಳಿದರು. ಹಿಮದ ನಡುವಿನ ಠಾಣೆಯಲ್ಲಿದ್ದ ಸಹೋದ್ಯೋಗಿಗಳಿಗೆ ಸಾಮಗ್ರಿ ಒಯ್ಯಲು ನಾಯಿಬಂಡಿಗಳಲ್ಲಿ ೪೦೦ ಕಿಲೊಮೀಟರ್ ಕ್ರಮಿಸಿದರು. ದಾರಿಯಲ್ಲಿ ಬಹುತೇಕ ಸಾಮಾನನ್ನು ಬಿಡಬೇಕಾಯಿತು. ಅಲ್ಲಿಯ ಆಹಾರ ಎಲ್ಲರಿಗೂ ಸಾಲದಾದುದರಿಂದ, ತಮ್ಮ ಐವತ್ತನೆಯ ಹುಟ್ಟುಹಬ್ಬದಂದೇ, ಗ್ರೀನ್‌ಲೆಂಡಿನ ತರುಣ ರಾಸ್ಮುಸ್ ವಿಲ್ಲುಮ್ಸೆನ್‌ನೊಡನೆ ಹಿಂದಿರುಗಹೊರಟ ವೆಗೆನರರು ಕರಾವಳಿಯನ್ನು ತಲಪಲಿಲ್ಲ. ೧೯೩೧ರ ಮೇ ತಿಂಗಳಲ್ಲಿ ಅವರ ಶವ ದೊರೆಯಿತು. ವಿಲ್ಲುಮ್ಸೆನ್ ಅದನ್ನು ಜತನದಿಂದ ಹೂತು, ಗುರುತಿಗಾಗಿ ಹಿಮಜಾರು ಪಟ್ಟಿಗಳನ್ನು ನೆಟ್ಟು ಮುಂದೆ ಸಾಗಿದ್ದನು. ಆತನ ದೇಹ ಇಂದಿಗೂ ಸಿಕ್ಕಿಲ್ಲ.

ಉತ್ತರವು ಕಡಲಿನ ತಳದಲ್ಲಿತ್ತು. ಅಟ್ಲಾಂಟಿಕ್ಕಿನ ನಡುವೆ ಹಬ್ಬಿರುವ ಪರ್ವತಸಾಲಿನಲ್ಲಿ ಕರಗಿದ ಶಿಲೆ ಮೇಲೆದ್ದು, ಹೊಸ ನೆಲವಾಗಿ ಇಕ್ಕೆಲಕ್ಕೂ ಸರಿಯುತ್ತದೆ. ಇಕ್ಕೆಲಗಳ ಶಿಲೆಗಳಲ್ಲಿ ಅಚ್ಚೊತ್ತಿದ ಕಾಂತೀಯ ಪಟ್ಟೆಗಳು ಒಂದನ್ನೊಂದು ಹೋಲುವುದೇ ಇದಕ್ಕೆ ಸಾಕ್ಷಿಯೆಂದು ೧೯೬೩ರಲ್ಲಿ ವೈನ್ ಮತ್ತು ಮ್ಯಾಥ್ಯೂಸ್ ವಿವರಿಸಿದರು. ಭೂಮಿಯ ಹೊರಕವಚವು ಹಲವು ಫಲಕಗಳಾಗಿ ಸರಿಯುತ್ತದೆ, ಖಂಡಗಳು ಅವುಗಳ ಮೇಲೆ ಸಾಗುತ್ತವೆ ಎಂಬ ಸಿದ್ಧಾಂತವು ಆ ದಶಕದ ಕೊನೆಗೆ ನೆಲೆಗೊಂಡಿತು. ನಮ್ಮ ಭಾರತವೂ ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಉತ್ತರಕ್ಕೆ ಒತ್ತುತ್ತಿರುವುದರಿಂದಲೇ ಹಿಮಾಲಯ ಎದ್ದು ನಿಂತಿದೆ.

ಆಡಿದವನ ಕಸುಬನ್ನು ನೋಡಿ ಮಾತನ್ನು ತೂಗಿದ ಪಂಡಿತರು ಮೂವತ್ತಕ್ಕೂ ಮಿಕ್ಕಿ ವರ್ಷ ಹಿಂದುಳಿದರು. ವೆಗೆನರರ ಹೆಸರನ್ನು ಇಂದು ಲೋಕವೇ ಬಲ್ಲುದು; ಅವರನ್ನು ಮಣ್ಣುಮಾಡಿದ ವಿಲ್ಲುಮ್ಸೆನ್‌ನ ಹೆಸರನ್ನೂ ವಾಚಕರು ಮರೆಯಬಾರದೆಂದು ನಮ್ಮ ವಿನಂತಿ.